ಕಿರ್ರೆನ್ನದ ಬ್ರೇಕು, ಕೈಕೊಡದ ಬ್ರೇಕು



ನಮ್ಮ ಕನ್ನಡ ಕಾರ್ಯಕ್ರಮಕ್ಕೆ ಬರುವ ಪತ್ರಗಳಲ್ಲಿ ಹಾಡಿನ ಕೋರಿಕೆಯೇ ಹೆಚ್ಚು. ಈ ಸಲ ಕೇಳುಗರೊಬ್ಬರು ಹಾಡು ಬೇಡ, ಒಂದು ಸದ್ದು ನಿಲ್ಲಿಸುವ ಉಪಾಯ ಹೇಳಿ ಎಂದು ಬರೆದಿದ್ದಾರೆ. ಅವರದು ಟರ್ಬೊ ಎಂಜಿನ್ನಿನ ಚುರುಕು ಕಾರು. ದಿನವೂ ಸಿಂಹಗಡ ರಸ್ತೆಯಿಂದ ಹಿಂಜವಡಿಗೆ ಓಡಾಟ. ಎರಡು ತಿಂಗಳಿಗೊಮ್ಮೆ ಊರು ಹುಬ್ಬಳ್ಳಿಗೆ ಪಯಣ. ಬ್ರೇಕ್ ಪ್ಯಾಡ್ ಬದಲಿಸಿದಾಗಿನಿಂದ ಸಿಗ್ನಲ್ ಬಂತೆಂದರೆ ಕೀಂ... ಎಂಬ ಸದ್ದು. "ಸೊಸೈಟಿಯ ವಾಚ್‌ಮನ್ ನನ್ನ ಕಾರು ತಿರುವಿನಲ್ಲಿರುವಾಗಲೇ ಗೇಟು ತೆಗೆಯುತ್ತಾನೆ. ಹೆಂಡತಿ ಮಕ್ಕಳಿಗೆ ನಾಚಿಕೆ. ಸದ್ದೇ ಮಾಡದ ಪ್ಯಾಡ್ ಯಾವುದು, ಅದನ್ನೇ ಹಾಕಿಸಿಬಿಡುತ್ತೇನೆ" ಎಂದು ಅವರ ಪ್ರಶ್ನೆ.

ಕನ್ನಡ ಬಿ.ಎ. ಓದಿ ಮೈಕಿನ ಮುಂದೆ ಕೂತವರಿಗೆ ಬ್ರೇಕಿನ ಗೊಡವೆ ಯಾಕೆ ಎನ್ನಬೇಡಿ. ಸದ್ದು ನಮ್ಮ ಕಸುಬು. ಅದಕ್ಕಿಂತ ಮುಖ್ಯವಾಗಿ, ಆ ಪತ್ರದ ಕೊನೆಯ ಮಾತು ಸ್ವಲ್ಪ ಅಪಾಯದ್ದು. ಸದ್ದೇ ಮಾಡದ ಪ್ಯಾಡ್ ಹುಡುಕುವುದು ಕಷ್ಟವಲ್ಲ. ಆದರೆ ಹುಬ್ಬಳ್ಳಿಯಿಂದ ವಾಪಸು ಬರುವಾಗ ಖಂಬಾಟಕಿ, ಕಾತ್ರಜ್ ಇಳಿದು ನವಲೆ ಸೇತುವೆ ಮುಟ್ಟುವಾಗ ಅದೇ ಪ್ಯಾಡ್ ಹಿಡಿಯಬೇಕಲ್ಲ? ಮೌನವೂ ಬೇಕು, ಹಿಡಿತವೂ ಬೇಕು. ಎರಡನ್ನೂ ಹೇಗೆ ಹೊಂದಿಸುವುದು ಎನ್ನುವುದೇ ಈ ತಿಂಗಳ ಮಾತು.

ಸದ್ದು ಎಲ್ಲಿಂದ ಬರುತ್ತದೆ?

ಚಕ್ರದ ಜೊತೆ ತಿರುಗುವ ಬೀಡುಕಬ್ಬಿಣದ ತಟ್ಟೆಯೇ ಡಿಸ್ಕ್. ಅದನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುವ ಬಿಲ್ಲೆಗಳೇ ಪ್ಯಾಡ್. ಒತ್ತುವ ಇಕ್ಕಳದಂಥ ಭಾಗ ಕ್ಯಾಲಿಪರ್. ಪ್ಯಾಡ್ ಡಿಸ್ಕಿಗೆ ಒಂದೇ ಸಮನೆ ಉಜ್ಜಿಕೊಂಡು ಹೋಗುತ್ತದೆ ಎಂದುಕೊಳ್ಳುತ್ತೇವೆ. ಯಾವಾಗಲೂ ಹಾಗಾಗುವುದಿಲ್ಲ. ಕೆಲವೊಮ್ಮೆ ಅದು ಹಿಡಿಯುತ್ತದೆ, ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಸೆಕೆಂಡಿಗೆ ಸಾವಿರಾರು ಸಲ. ಪಿಟೀಲಿನ ತಂತಿಯ ಮೇಲೆ ರಾಳ ಸವರಿದ ಕಮಾನು ಎಳೆದಾಗ ನಡೆಯುವುದೂ ಇದೇ. ಪಿಟೀಲಿನಲ್ಲಿ ತಂತಿ ಹಾಡುತ್ತದೆ, ಕಾರಿನಲ್ಲಿ ಡಿಸ್ಕ್ ಹಾಡುತ್ತದೆ. ಡಿಸ್ಕ್ ಎಂದರೆ ಒಂದು ಜಾಗಟೆಯೇ ತಾನೆ! ಪ್ಯಾಡಿನ ಅದುರಾಟವೂ ಡಿಸ್ಕಿನ ಸಹಜ ಅದುರಾಟವೂ ಒಂದಕ್ಕೊಂದು ಕೂಡಿಬಿಟ್ಟರೆ ಸಣ್ಣ ಕಂಪನ ದೊಡ್ಡ ಕಿರುಚಾಟವಾಗುತ್ತದೆ.

ಈ ಕಿರುಚಾಟ ಸಾಮಾನ್ಯವಾಗಿ 1,000 ಹರ್ಟ್ಸ್‌ನಿಂದ ಮೇಲಕ್ಕೆ, 15,000 ಹರ್ಟ್ಸ್‌ವರೆಗೂ ಇರುತ್ತದೆ. ನಮ್ಮ ಕಿವಿ ಅತ್ಯಂತ ಚುರುಕಾಗಿರುವುದು 2,000ದಿಂದ 5,000 ಹರ್ಟ್ಸ್ ನಡುವೆ. ಹಾಗಾಗಿ ಬಸ್ಸಿನ ಗಡಗಡವನ್ನು ಸಹಿಸುವ ನಾವು ಬ್ರೇಕಿನ ಸಣ್ಣ ಕೀಂ ಸದ್ದಿಗೆ ಹಲ್ಲು ಕಚ್ಚುತ್ತೇವೆ.

ಇಲ್ಲಿ ಒಂದು ವಿಷಯ ನೆನಪಿರಲಿ. ಇಂಥ ಸದ್ದು ಬಂದ ಮಾತ್ರಕ್ಕೆ ಬ್ರೇಕ್ ಕೆಟ್ಟಿದೆ ಎಂದಲ್ಲ. ಸದ್ದಿಲ್ಲದ ಮಾತ್ರಕ್ಕೆ ಬ್ರೇಕ್ ಚೆನ್ನಾಗಿದೆ ಎಂದೂ ಅಲ್ಲ. ಜುಲೈ ತಿಂಗಳ ಪುಣೆಯ ಮಳೆಯಲ್ಲಿ ರಾತ್ರಿಯಿಡೀ ನಿಂತ ಕಾರು ಬೆಳಿಗ್ಗೆ ಎರಡು ಮೂರು ಬ್ರೇಕಿಗೆ ಕರಕರ ಎನ್ನುತ್ತದೆ. ಡಿಸ್ಕಿನ ಮೇಲೆ ಕೂತ ತೆಳು ತುಕ್ಕು ಅದು. ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಉಜ್ಜಿ ಹೋಗುತ್ತದೆ. ಅದಕ್ಕಾಗಿ ಪ್ಯಾಡ್ ಬದಲಿಸಿದರೆ ಲಾಭ ಅಂಗಡಿಯವನಿಗೆ ಮಾತ್ರ.

ಬ್ರೇಕ್ ಎಂದರೆ ಬಿಸಿ

ಬ್ರೇಕ್ ಮಾಡುವ ಕೆಲಸ ಒಂದೇ. ಓಟವನ್ನು ಶಾಖವಾಗಿ ಬದಲಿಸುವುದು. ಜನರೂ ಸಾಮಾನೂ ಸೇರಿ 1,700 ಕಿಲೋ ತೂಗುವ ಕಾರು 100 ಕಿ.ಮೀ. ವೇಗದಿಂದ ಒಮ್ಮೆ ನಿಂತರೆ ಹುಟ್ಟುವ ಶಾಖದಲ್ಲಿ ಎರಡು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಅಷ್ಟೂ ಶಾಖ ಕೆಲವೇ ಸೆಕೆಂಡಿನಲ್ಲಿ ನಾಲ್ಕು ಡಿಸ್ಕುಗಳ ಮೇಲೆ ಬೀಳುತ್ತದೆ. ಅದರಲ್ಲೂ ಮುಂದಿನ ಎರಡರ ಪಾಲೇ ಹೆಚ್ಚು. ವೇಗ ಇಮ್ಮಡಿಯಾದರೆ ಶಾಖ ನಾಲ್ಕು ಪಟ್ಟು. ಚುರುಕು ಕಾರಿನ ಮಾತು ಬೇರೆಯಾಗುವುದು ಇಲ್ಲಿಯೇ. ಅದು ಬೇಗ ವೇಗ ಹಿಡಿಯುತ್ತದೆ, ಆದ್ದರಿಂದ ಬೇಗ ಬೇಗ ನಿಲ್ಲಿಸಬೇಕಾಗುತ್ತದೆ.

ಘಾಟ್ ಇಳಿಯುವುದು ಇನ್ನೂ ಕಠಿಣ. ಅದೇ ಕಾರು 200 ಮೀಟರ್ ಎತ್ತರವನ್ನು ಬರೀ ಬ್ರೇಕ್ ಒತ್ತಿಕೊಂಡೇ ಇಳಿದರೆ, 100 ಕಿ.ಮೀ. ವೇಗದಿಂದ ಐದು ಸಲ ನಿಲ್ಲಿಸಿದಷ್ಟು ಶಾಖ ಹುಟ್ಟುತ್ತದೆ. ನಡುವೆ ಆರಲು ಪುರುಸೊತ್ತಿಲ್ಲ. ಪ್ಯಾಡಿನೊಳಗಿನ ಪುಡಿಗಳನ್ನು ಹಿಡಿದಿಟ್ಟಿರುವುದು ಒಂದು ಬಗೆಯ ರಾಳ. 300-400 ಡಿಗ್ರಿಯ ಆಸುಪಾಸಿನಲ್ಲಿ ಅದು ಕೆಡತೊಡಗುತ್ತದೆ, ಅನಿಲ ಬಿಡುತ್ತದೆ, ಹಿಡಿತ ಸಡಿಲವಾಗುತ್ತದೆ. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ಇದಕ್ಕೆ 'ಫೇಡ್' ಎನ್ನುತ್ತಾರೆ.

ಇಳಿಜಾರಿಗೂ ಬ್ರೇಕ್ ಲೈನಿಂಗಿಗೂ ಹಳೆಯ ನಂಟು. 1888ರಲ್ಲಿ ಜರ್ಮನಿಯ ಬರ್ತಾ ಬೆಂಝ್ ಎಂಬ ಮಹಾತಾಯಿ, ಗಂಡ ಕಾರ್ಲ್ ಬೆಂಝ್ ಮಾಡಿದ ಮೋಟಾರು ಬಂಡಿಯಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮ್‌ನಿಂದ ಪ್ಫೋರ್ಟ್ಸ್‌ಹೈಮ್‌ನ ತವರಿಗೆ ಹೊರಟಳು. ಸುಮಾರು 100 ಕಿ.ಮೀ. ದಾರಿ. ಇಳಿಜಾರಿನಲ್ಲಿ ಮರದ ಬ್ರೇಕ್ ದಿಮ್ಮಿ ಸವೆದುಹೋಯಿತು. ಆಕೆ ದಾರಿಯಲ್ಲಿ ಸಿಕ್ಕ ಚಮ್ಮಾರನಿಂದ ಅದಕ್ಕೆ ಚರ್ಮ ಹೊಡೆಸಿದಳು. ಇಂದಿನ ಪ್ಯಾಡಿನ ಮುತ್ತಜ್ಜಿ ಆ ಚರ್ಮದ ತುಂಡು. ತವರಿನ ದಾರಿಯ ಇಳಿಜಾರೇ ಅದನ್ನು ಹುಟ್ಟಿಸಿತು ಎನ್ನಬಹುದು!

ನಮ್ಮ ಇಳಿಜಾರಿಗೆ ಬರೋಣ. ಕಾತ್ರಜ್ ಹೊಸ ಸುರಂಗ ದಾಟಿ ನವಲೆ ಸೇತುವೆಯವರೆಗಿನ ಬೈಪಾಸ್ ಇಳಿಜಾರು ಪುಣೆಯವರಿಗೆಲ್ಲ ಗೊತ್ತು. 2022ರ ನವೆಂಬರ್ 20ರ ರಾತ್ರಿ ಅಲ್ಲಿ ಒಂದೇ ಲಾರಿಯ ಅಪಘಾತದಲ್ಲಿ 48ರಷ್ಟು ವಾಹನಗಳು ಜಖಂಗೊಂಡವು. ಬೆಳಗಾವಿ, ಹುಬ್ಬಳ್ಳಿ, ಬೆಂಗಳೂರಿನಿಂದ ಮರಳುವ ಕನ್ನಡಿಗರು ಗಂಟೆಗಟ್ಟಲೆ ಓಡಿಸಿ, ಮನೆ ಬಂತು ಎಂದು ಮೈ ಸಡಿಲ ಬಿಡುವುದೂ ಸರಿಯಾಗಿ ಅಲ್ಲಿಯೇ. ಪ್ಯಾಡ್ ಆರಿಸುವಾಗ ಹಿಂಜವಡಿಯ ಸಿಗ್ನಲ್ ಒಂದೇ ಅಲ್ಲ, ಈ ಇಳಿಜಾರೂ ಕಣ್ಣ ಮುಂದಿರಲಿ.

ಪ್ಯಾಡುಗಳ ಜಾತಿ ನಾಲ್ಕು

ಅಂಗಡಿಯಲ್ಲಿ ಹತ್ತಾರು ಡಬ್ಬಿ ಕಂಡರೂ ಒಳಗಿನ ಜಾತಿ ಮುಖ್ಯವಾಗಿ ನಾಲ್ಕು.

ಮೊದಲನೆಯದು ಆರ್ಗ್ಯಾನಿಕ್. ಇದರಲ್ಲಿ ಉಕ್ಕು ಇಲ್ಲವೇ ಇಲ್ಲ ಅಥವಾ ಅತಿ ಕಡಿಮೆ. ಮೆತ್ತಗಿರುವುದರಿಂದ ಸದ್ದು ಕಡಿಮೆ, ಡಿಸ್ಕ್ ಸವೆತವೂ ಕಡಿಮೆ. ಜಪಾನಿ ಕಾರುಗಳಿಗೆ ಹೆಚ್ಚಾಗಿ ಬರುವುದು ಇಂಥದ್ದೇ. ಪೇಟೆಯ ಓಡಾಟಕ್ಕೆ ಹೇಳಿ ಮಾಡಿಸಿದ್ದು. ಅಗ್ಗದ ಆರ್ಗ್ಯಾನಿಕ್ ಪ್ಯಾಡ್ ಮಾತ್ರ ಬಿಸಿಗೆ ಬೇಗ ಸೋಲುತ್ತದೆ.

ಎರಡನೆಯದು ಸೆರಾಮಿಕ್. ಇದು ಆರ್ಗ್ಯಾನಿಕ್ ಮನೆತನದ ಓದಿದ ಮಗ. ಸೆರಾಮಿಕ್ ನಾರು ಸೇರಿಸಿರುತ್ತಾರೆ. ಸದ್ದು ಅತಿ ಕಡಿಮೆ, ಬೀಳುವ ಧೂಳೂ ತಿಳಿ ಬಣ್ಣದ್ದು, ಅಲಾಯ್ ಚಕ್ರ ಕಪ್ಪಾಗುವುದಿಲ್ಲ. 1929ರಲ್ಲಿ ಶುರುವಾದ ಜಪಾನಿನ ಅಕೆಬೋನೊ ಕಂಪನಿ ಈ ಬಗೆಗೆ ಹೆಸರುವಾಸಿ. ಕಾಲಿಟ್ಟ ಕೂಡಲೇ ಕಚ್ಚುವ ಗುಣ ಮಾತ್ರ ಸ್ವಲ್ಪ ನಯ. ಬ್ರೇಕ್ ಹಿಡಿಯುತ್ತಿಲ್ಲವೇನೋ ಎಂದು ಮೊದಲ ವಾರ ಅನ್ನಿಸಬಹುದು.

ಮೂರನೆಯದು ಲೋ-ಮೆಟಾಲಿಕ್. ಸುಮಾರು ಶೇಕಡ 10ರಿಂದ 30ರಷ್ಟು ಲೋಹ. ಯೂರೋಪಿನ ಕಾರುಗಳ ಕಂಪನಿ ಪ್ಯಾಡ್ ಹೆಚ್ಚಾಗಿ ಇದೇ. ಕಚ್ಚುವುದರಲ್ಲಿ ಚುರುಕು, ಘಾಟಿನಲ್ಲಿ ಭರವಸೆ. ಬದಲಿಗೆ ಕಪ್ಪು ಧೂಳು, ಆಗೀಗ ಸ್ವಲ್ಪ ಸದ್ದು.

ನಾಲ್ಕನೆಯದು ಸೆಮಿ-ಮೆಟಾಲಿಕ್. ಲೋಹ ಶೇಕಡ 30ಕ್ಕಿಂತ ಹೆಚ್ಚು, 65ರವರೆಗೂ. ಬಿಸಿಗೆ ಗಟ್ಟಿ, ಬಾಳಿಕೆಯೂ ಹೌದು. ತಣ್ಣಗಿರುವಾಗ ಸದ್ದು ಹೆಚ್ಚು, ಡಿಸ್ಕನ್ನು ಬೇಗ ತಿನ್ನುತ್ತದೆ.

ಇನ್ನು ರೇಸಿನ ಪ್ಯಾಡುಗಳು. ಕಾರಿನ ಹುಚ್ಚಿರುವ ಗೆಳೆಯರು ಇದನ್ನು ಹಾಕಿಸು ಎನ್ನುತ್ತಾರೆ. ದಯವಿಟ್ಟು ಬೇಡ. ಕಾದ ಮೇಲೆ ಮಾತ್ರ ಹಿಡಿಯುವಂತೆ ಮಾಡಿದ ಪ್ಯಾಡ್ ಅದು. ಬೆಳಿಗ್ಗೆ ಮನೆಯಿಂದ ಹೊರಟ ಐದನೇ ನಿಮಿಷಕ್ಕೆ ಸ್ಕೂಟರಿನವರು ಅಡ್ಡ ಬಂದರೆ, ತಣ್ಣಗಿರುವ ರೇಸ್ ಪ್ಯಾಡ್ ಸಾಮಾನ್ಯ ಪ್ಯಾಡಿಗಿಂತ ಕಳಪೆಯಾಗಿ ಹಿಡಿಯಬಹುದು. ಕಿರುಚುವುದಂತೂ ಖಂಡಿತ.

ಹಾಗಾದರೆ ಯಾವುದು ತಗೊಳ್ಳೋಣ?

ದಿನವೂ ಪೇಟೆ, ಆಗೀಗ ಘಾಟ್, ಕಾರು ಚುರುಕು. ಇಂಥವರಿಗೆ ಮೊದಲ ಆಯ್ಕೆ, ಕಾರು ತಯಾರಿಕೆಯ ವೇಳೆ ಕಂಪನಿ ಹಾಕಿದ್ದ ಪ್ಯಾಡೇ. ಹೊಸದರಲ್ಲಿ ಆ ಕಾರು ಸದ್ದಿಲ್ಲದೆ ಓಡುತ್ತಿತ್ತು ಎಂದರೆ, ಆ ಡಿಸ್ಕಿಗೂ ಆ ಪ್ಯಾಡಿಗೂ ಹೊಂದಾಣಿಕೆ ಆಗಿದೆ ಎಂದರ್ಥ. ಅದು ಸಿಗದಿದ್ದರೆ, ಕಾರು ಕಂಪನಿಗಳಿಗೇ ಬ್ರೇಕ್ ಭಾಗ ಒದಗಿಸುವವರ ಡಬ್ಬಿ ನೋಡಿ. ಯೂರೋಪಿನ ಕಾರಿಗೆ ಎಟಿಇ, ಟಿಆರ್‌ಡಬ್ಲ್ಯು, ಟೆಕ್ಸ್ಟಾರ್, ಬ್ರೆಂಬೊ, ಬಾಷ್. ನಮ್ಮ ದೇಶದ ಬ್ರೇಕ್ಸ್ ಇಂಡಿಯಾ, ರಾಣೆ ಕಂಪನಿಗಳೂ ಹಳೆಯ ಕೈಗಳೇ. ಸದ್ದು ಇನ್ನೂ ಕಡಿಮೆ ಬೇಕು, ಓಡಿಸುವುದು ಸಾವಧಾನ ಎನ್ನುವವರಿಗೆ ಒಳ್ಳೆಯ ಸೆರಾಮಿಕ್ ಸರಿ. ಇಂಗ್ಲೆಂಡಿನ ಇಬಿಸಿ ಕಂಪನಿ ಬಣ್ಣದ ಹೆಸರಿಟ್ಟು ಮಾರುತ್ತದೆ. ಅದರಲ್ಲಿ ರೆಡ್‌ಸ್ಟಫ್ ಕಡಿಮೆ ಧೂಳಿನ ರಸ್ತೆ ಪ್ಯಾಡ್, ಯೆಲ್ಲೋಸ್ಟಫ್ ಬಿರುಸು ಓಟದವರಿಗೆ.

ಪುಣೆಯವರಿಗೆ ಈ ಪ್ರಶ್ನೆ ಬರೀ ಷೋಕಿಯದಲ್ಲ. 2015ರಲ್ಲಿ ಬಿಡುಗಡೆಯಾದ ಅಬಾರ್ಥ್ ಪುಂಟೊ ಇಲ್ಲೇ ಪಕ್ಕದ ರಾಂಜಣಗಾಂವ್‌ನಲ್ಲಿ ತಯಾರಾದ ಕಾರು. 145 ಕುದುರೆ ಶಕ್ತಿ, ನಾಲ್ಕೂ ಚಕ್ರಕ್ಕೆ ಡಿಸ್ಕ್. 2013ರ ಪೋಲೋ ಜಿಟಿ ಟಿಎಸ್‌ಐ ಚಾಕಣದ ಕೂಸು. ಇವೆರಡರ ತಯಾರಿಕೆಯೂ ನಿಂತಿದೆ, ಆದರೆ ಪ್ರೀತಿಯಿಂದ ಇಟ್ಟುಕೊಂಡವರು ಇನ್ನೂ ದಿನವೂ ಓಡಿಸುತ್ತಿದ್ದಾರೆ. ಅಂಥವರು ಬಿಡಿಭಾಗವನ್ನು ತಾವೇ ಅಳೆದು ತೂಗಿ ಆರಿಸಬೇಕಾದ ಕಾಲ ಬಂದಿದೆ.

ನಾನಾ ಪೇಠಿನ ಸ್ಪೇರ್ ಪಾರ್ಟ್ಸ್ ಅಂಗಡಿಗಾಗಲಿ, ಬೆಂಗಳೂರಿನ ಜೆ.ಸಿ. ರಸ್ತೆಗಾಗಲಿ ಹೋದಾಗ ಕಾರಿನ ಹೆಸರು ಹೇಳಿದರೆ ಸಾಲದು. ಒಂದೇ ಹೆಸರಿನ ಕಾರಿನಲ್ಲಿ ಸಾಧಾರಣ ಮಾದರಿಗೊಂದು, ಚುರುಕು ಮಾದರಿಗೊಂದು ಕ್ಯಾಲಿಪರ್ ಇರಬಹುದು. ಹಳೆಯ ಪ್ಯಾಡ್ ಒಯ್ಯಿರಿ, ಚಾಸಿಸ್ ನಂಬರ್ ಬರೆದುಕೊಳ್ಳಿ. ಯೂರೋಪಿನ ಪ್ಯಾಡಿನ ಮೇಲೆ ಐದು ಅಂಕಿಯ ಡಬ್ಲ್ಯುವಿಎ ಸಂಖ್ಯೆ ಇರುತ್ತದೆ, ಅದು ಹೊಂದಲಿ. ಬಿಲ್ ಇಲ್ಲದೆ ಕೊಳ್ಳಬೇಡಿ. ನಕಲಿ ಡಬ್ಬಿಯ ಹಾವಳಿ ಎಲ್ಲ ಕಡೆಯೂ ಇದೆ, ಅದರಲ್ಲಿ ಉಳಿಯುವ ನೂರಿನ್ನೂರು ರೂಪಾಯಿಗೆ ತೆರಬೇಕಾದ ಬೆಲೆ ದೊಡ್ಡದು.

ಪ್ಯಾಡಿನ ಮೈಮೇಲಿನ ಬರಹ

ಪ್ಯಾಡಿನ ಬೆನ್ನಿನ ಮೇಲೆ ವೃತ್ತದೊಳಗೆ 'ಇ' ಅಕ್ಷರ, ಪಕ್ಕದಲ್ಲಿ ಅಂಕಿ, ಮುಂದೆ '90ಆರ್' ಎಂದಿದ್ದರೆ ಅದು ವಿಶ್ವಸಂಸ್ಥೆಯ ಆರ್-90 ನಿಯಮಕ್ಕೆ ಪಾಸಾದ ಪ್ಯಾಡ್. ಬದಲಿ ಪ್ಯಾಡಿನ ಹಿಡಿತ ಮೂಲ ಪ್ಯಾಡಿಗಿಂತ ಶೇಕಡ 15ಕ್ಕಿಂತ ಹೆಚ್ಚೂ ಕಡಿಮೆಯೂ ಆಗಬಾರದು ಎನ್ನುವುದು ಆ ನಿಯಮದ ತಿರುಳು. ಹೆಚ್ಚಾದರೆ ಒಳ್ಳೆಯದಲ್ಲವೇ ಎನ್ನಬಹುದು. ಅಲ್ಲ. ಮುಂದಿನ ಚಕ್ರ, ಹಿಂದಿನ ಚಕ್ರಗಳ ನಡುವಿನ ಲೆಕ್ಕ ತಪ್ಪಿದರೆ ಕಾರು ಜಾರುತ್ತದೆ.

ಇನ್ನೊಂದು, ಅಂಚಿನಲ್ಲಿ ಅಚ್ಚಾಗಿರುವ ಎರಡು ಇಂಗ್ಲಿಷ್ ಅಕ್ಷರ. ಎಫ್ಎಫ್, ಜಿಜಿ, ಇಎಫ್ ಹೀಗೆ. ಮೊದಲ ಅಕ್ಷರ ಸಾಧಾರಣ ಬಿಸಿಯಲ್ಲಿನ ಹಿಡಿತ, ಎರಡನೆಯದು ಚೆನ್ನಾಗಿ ಕಾದಾಗಿನ ಹಿಡಿತ. 'ಇ' ಎಂದರೆ 0.25ರಿಂದ 0.35, 'ಎಫ್' ಎಂದರೆ 0.35ರಿಂದ 0.45, 'ಜಿ' ಎಂದರೆ 0.45ರಿಂದ 0.55. ಎರಡೂ ಅಕ್ಷರ ಒಂದೇ ಇದ್ದರೆ ಬಿಸಿಗೂ ತಂಪಿಗೂ ಒಂದೇ ಗುಣ ಎಂದು ಸ್ಥೂಲವಾಗಿ ತಿಳಿಯಬಹುದು. ಎರಡನೆಯ ಅಕ್ಷರ ಕೆಳಗಿಳಿದಿದ್ದರೆ, ಉದಾಹರಣೆಗೆ 'ಎಫ್‌ಇ', ಘಾಟಿನವರು ಎರಡು ಸಲ ಯೋಚಿಸಿ. ಇದು ಸಣ್ಣ ತುಂಡಿನ ಮೇಲೆ ಮಾಡಿದ ಪರೀಕ್ಷೆ, ಪೂರ್ತಿ ಜಾತಕವಲ್ಲ. ಸದ್ದಿನ ಬಗ್ಗೆ ಇದು ಏನೂ ಹೇಳುವುದಿಲ್ಲ.

ಸದ್ದಿನ ಗುಟ್ಟು ತಿಳಿಯಲು ಪ್ಯಾಡನ್ನು ಕೈಯಲ್ಲಿ ಹಿಡಿದು ನೋಡಿ. ಬೆನ್ನಿಗೆ ಉಕ್ಕು, ರಬ್ಬರ್ ಪದರಗಳ ತೆಳು ತಗಡು ಅಂಟಿದೆಯೇ? ಅದೇ ಶಿಮ್. ಅದುರಾಟವನ್ನು ನುಂಗುವ ಹಾಸಿಗೆ ಅದು. ಎರಡು ಅಂಚುಗಳು ಇಳಿಜಾರಾಗಿ ಚೆಕ್ಕಿರುವಂತಿವೆಯೇ? ನಡುವೆ ಸೀಳು ಇದೆಯೇ? ಹಿಡಿಯುವ-ಜಾರುವ ಆಟವನ್ನು ಇವು ತಗ್ಗಿಸುತ್ತವೆ. ಡಬ್ಬಿಯಲ್ಲಿ ಹೊಸ ಕ್ಲಿಪ್ಪುಗಳೂ ಇದ್ದರೆ ಇನ್ನೂ ಒಳ್ಳೆಯದು.

ಕೂರಿಸುವುದರಲ್ಲೇ ಅರ್ಧ ಮೌನ

ಎಷ್ಟೇ ಒಳ್ಳೆಯ ಪ್ಯಾಡ್ ತಂದರೂ ಹತ್ತು ನಿಮಿಷದಲ್ಲಿ ತುರುಕಿ ಕಳಿಸಿದರೆ ಕಿರುಚದೆ ಏನು ಮಾಡೀತು? ನಿಮ್ಮ ಮೆಕ್ಯಾನಿಕ್ ಮುಂದೆ ನಿಂತು ಇಷ್ಟನ್ನು ಕೇಳಿ.

ಕ್ಯಾಲಿಪರ್ ಜಾರುವ ಪಿನ್ನುಗಳನ್ನು ಬಿಚ್ಚಿ ಒರೆಸಲಿ, ಹೆಚ್ಚು ಬಿಸಿ ತಾಳುವ ಬ್ರೇಕ್ ಗ್ರೀಸನ್ನೇ ಹಚ್ಚಲಿ. ಬೇರಿಂಗಿಗೆ ಹಾಕುವ ಸಾದಾ ಗ್ರೀಸ್ ಇಲ್ಲಿ ಕರಗಿ ಹರಿಯುತ್ತದೆ. ಪ್ಯಾಡಿನ ಕಿವಿ ಕೂರುವ ಜಾಗದ ತುಕ್ಕು ಉಜ್ಜಿ ತೆಗೆಯಲಿ. ಗ್ರೀಸಿನ ಒಂದು ಹನಿಯೂ ಉಜ್ಜುವ ಮೈಗೆ ತಾಗಬಾರದು. ಡಿಸ್ಕಿನ ಮೇಲೆ ಕನಿಷ್ಠ ದಪ್ಪ ಎಷ್ಟಿರಬೇಕೆಂದು ಅಚ್ಚಾಗಿರುತ್ತದೆ, ಅಳೆದು ನೋಡಲಿ. ಅಂಚು ಕಟ್ಟಿದ, ಗೀರು ಬಿದ್ದ ಹಳೆಯ ಡಿಸ್ಕಿಗೆ ಹೊಸ ಪ್ಯಾಡ್ ಹಾಕಿದರೆ ಸದ್ದು ತಪ್ಪದು. ಎಡಕ್ಕೂ ಬಲಕ್ಕೂ ಒಟ್ಟಿಗೇ ಬದಲಿಸಬೇಕು. ಹಳೆಯ ಧೂಳನ್ನು ಬಾಯಿಂದಾಗಲಿ, ಏರ್ ಗನ್ನಿನಿಂದಾಗಲಿ ಊದಬಾರದು. ಹಿಂದೆ ಪ್ಯಾಡುಗಳಲ್ಲಿ ಕಲ್ನಾರು ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ವಿಷ. ಇಂದಿನ ಧೂಳೂ ಅಮೃತವಲ್ಲ. ಒದ್ದೆ ಬಟ್ಟೆ ಅಥವಾ ಬ್ರೇಕ್ ಕ್ಲೀನರ್ ಸಾಕು.

ಆಮೇಲೆ ಪಳಗಿಸುವ ಕೆಲಸ ನಿಮ್ಮದು. ಹೊಸ ಕಾವಲಿಗೆ ಎಣ್ಣೆ ಸವರಿ ಪಳಗಿಸಿದರೆ ಮಾತ್ರ ದೋಸೆ ಏಳುತ್ತದಲ್ಲ, ಹಾಗೆ ಇಲ್ಲಿ ಪ್ಯಾಡಿನ ತೆಳು ಪದರವೊಂದು ಡಿಸ್ಕಿಗೆ ಸಮನಾಗಿ ಅಂಟಬೇಕು. ಡಬ್ಬಿಯಲ್ಲಿ ಸೂಚನೆ ಇದ್ದರೆ ಅದನ್ನೇ ಪಾಲಿಸಿ. ಇಲ್ಲದಿದ್ದರೆ ಬೆಳಗಿನ ಜಾವ ಖಾಲಿ ರಸ್ತೆಯಲ್ಲಿ, ಹಿಂದೆ ಯಾರೂ ಇಲ್ಲದಿರುವಾಗ, 60 ಕಿ.ಮೀ. ವೇಗದಿಂದ 15ಕ್ಕೆ ಹದವಾಗಿ ಇಳಿಸಿ. ಪೂರ್ತಿ ನಿಲ್ಲಿಸಬೇಡಿ. ನಡುವೆ ಅರ್ಧ ನಿಮಿಷ ಗಾಳಿಯಾಡಲು ಬಿಡಿ. ಹೀಗೆ ಇಪ್ಪತ್ತು ಸಲ. ಕೊನೆಗೆ ಬ್ರೇಕ್ ಮುಟ್ಟದೆ ಐದಾರು ಕಿಲೋಮೀಟರ್ ಓಡಿಸಿ ಆರಿಸಿ. ಕಾದ ಡಿಸ್ಕಿನ ಮೇಲೆ ಬ್ರೇಕ್ ಒತ್ತಿ ಹಿಡಿದು ನಿಂತರೆ ಅಲ್ಲೇ ಕಲೆ ಕೂರುತ್ತದೆ, ಮುಂದೆ ಅದೇ ನಡುಕವಾಗಿ, ಸದ್ದಾಗಿ ಕಾಡುತ್ತದೆ. ಮೊದಲ 300 ಕಿ.ಮೀ. ಜೋರು ಬ್ರೇಕ್ ಬೇಡ. ಆದರೆ ಅಪಾಯ ಎದುರಾದರೆ ಈ ನಿಯಮ ಮರೆತು ಪೂರ್ತಿ ಒತ್ತಿ!

ಈ ಸದ್ದುಗಳ ಬಾಯಿ ಮುಚ್ಚಿಸಬೇಡಿ

ಕೆಲವು ಸದ್ದು ನಮಗೆ ಬರೆದ ಪತ್ರವಿದ್ದಂತೆ, ಓದಲೇಬೇಕು. ಹಲವು ಪ್ಯಾಡುಗಳಲ್ಲಿ ಒಂದು ಸಣ್ಣ ಉಕ್ಕಿನ ನಾಲಿಗೆ ಇರುತ್ತದೆ. ಪ್ಯಾಡ್ ಸವೆದು ಎರಡು ಮೂರು ಮಿಲಿಮೀಟರ್ ಉಳಿದಾಗ ಅದು ಡಿಸ್ಕಿಗೆ ತಾಗಿ ಬೇಕೆಂದೇ ಕಿರುಚುತ್ತದೆ. ಆ ನಾಲಿಗೆಯನ್ನು ಮಡಚಿ 'ಸದ್ದು ಹೋಯ್ತು ಸಾಹೇಬ್ರೇ' ಎನ್ನುವವರಿದ್ದರೆ ಅಂಥವರ ಕಡೆ ಮತ್ತೆ ಹೋಗಬೇಡಿ. ಕರ್ರ್... ಎಂದು ಲೋಹ ಅರೆಯುವ ಸದ್ದು ಬಂದರೆ ಪ್ಯಾಡ್ ಮುಗಿದಿದೆ, ಅಂದೇ ಗ್ಯಾರೇಜು. ಒಂದೇ ಚಕ್ರದಿಂದ ಸುಟ್ಟ ವಾಸನೆ ಬಂದರೆ, ಬ್ರೇಕ್ ಒತ್ತಿದಾಗ ಕಾರು ಒಂದು ಬದಿಗೆ ಎಳೆದರೆ ಕ್ಯಾಲಿಪರ್ ಅಂಟಿಕೊಂಡಿರಬಹುದು.

ಪ್ಯಾಡಿನ ಜೊತೆ ಬ್ರೇಕ್ ಆಯಿಲನ್ನೂ ಕೇಳಿ. ಅದು ಗಾಳಿಯ ತೇವ ಹೀರುತ್ತದೆ. ಡಾಟ್-4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬುದು ನಿಯಮ. ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಆಯಿಲ್ ಕುದ್ದು ಗುಳ್ಳೆಯೆದ್ದರೆ ಪೆಡಲ್ ಸ್ಪಂಜಿನಂತೆ ಕೆಳಗೆ ಹೋಗುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯ ರೂಢಿ.

ಕೊನೆಯದಾಗಿ, ಘಾಟ್ ಇಳಿಯುವಾಗ ಗೇರು ಕೆಳಗಿಳಿಸಿ, ಎಂಜಿನ್ನೇ ಅರ್ಧ ಬ್ರೇಕ್ ಆಗಲಿ. ಆಟೊಮ್ಯಾಟಿಕ್ ಕಾರಿದ್ದರೆ ಮ್ಯಾನ್ಯುಅಲ್ ಅಥವಾ ಕೆಳಗಿನ ಗೇರಿನ ಸ್ಥಾನಕ್ಕೆ ಹಾಕಿ. ನ್ಯೂಟ್ರಲ್‌ನಲ್ಲಿ ಇಳಿಸಿ ಪೆಟ್ರೋಲ್ ಉಳಿಸುವ ಲೆಕ್ಕ ಯಾವತ್ತೂ ಬೇಡ. ಅದು ಉಳಿತಾಯವೂ ಅಲ್ಲ. ಈಗಿನ ಎಂಜಿನ್ನುಗಳು ಗೇರಿನಲ್ಲಿ ಇಳಿಯುವಾಗ ಇಂಧನವನ್ನು ತಾವೇ ನಿಲ್ಲಿಸುತ್ತವೆ.

ಪತ್ರ ಬರೆದ ಹುಬ್ಬಳ್ಳಿಯ ಮಿತ್ರರೇ, ನಿಮಗೆ ನಮ್ಮ ಉತ್ತರ ಇಷ್ಟು: ಹೊಸ ಪ್ಯಾಡ್ ಕೊಳ್ಳುವ ಮೊದಲು ಈಗಿರುವುದನ್ನೇ ಬಿಚ್ಚಿಸಿ, ಶಿಮ್ ಇದೆಯೇ, ಕ್ಲಿಪ್ ಹೊಸದೇ, ಪಿನ್ ಸಲೀಸಾಗಿ ಜಾರುತ್ತಿದೆಯೇ, ಡಿಸ್ಕ್ ಸಮನಾಗಿದೆಯೇ ನೋಡಿಸಿ, ಮತ್ತೊಮ್ಮೆ ಪಳಗಿಸಿ. ಹೆಚ್ಚಿನ ಸದ್ದು ಅಲ್ಲಿಗೇ ನಿಲ್ಲಬಹುದು. ನಿಲ್ಲದಿದ್ದರೆ ಕಂಪನಿಯ ಮೂಲ ಪ್ಯಾಡ್, ಅದು ಸಿಗದಿದ್ದರೆ ಆರ್-90 ಗುರುತಿರುವ ಒಳ್ಳೆಯ ಪ್ಯಾಡ್. ವಾಚ್‌ಮನ್ ಗೇಟು ತೆಗೆಯುವುದು ಅರ್ಧ ನಿಮಿಷ ತಡವಾದರೂ ಚಿಂತೆಯಿಲ್ಲ, ನವಲೆ ಸೇತುವೆ ದಾಟಿ ನೀವು ಮನೆ ಮುಟ್ಟಿದರೆ ಸಾಕು.

ಮುಂದಿನ ಸಂಚಿಕೆಗೆ ನಿಮ್ಮ ಪ್ರಶ್ನೆ ಬರಲಿ. ಹಾಡಿನ ಕೋರಿಕೆಗೂ ಅಡ್ಡಿಯಿಲ್ಲ!